ಕೆರೆ ದಡದ ಕೆಂಪು ಬೋರ್ಡ್

೧೯೯೭ರ ಸೆಪ್ಟೆಂಬರ್ ೧೫, ಸೋಮವಾರ, ಬೆಳಿಗ್ಗೆ ೯.೧೦. ಠಾಣೆಗೆ ಬಂದ ಸಿದ್ದಕ್ಕ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕೆಂಪು ಬೋರ್ಡ್ ಯಾರೋ ಕಿತ್ತವ್ರೆ ಸಾಮಿ. ನನ್ ಗಂಡ ಆಸ್ಪತ್ರೇಲವ್ನೆ. ಕಾಲು ಉಳಿಯೋದೇ ಅನುಮಾನ ಅಂತಾರೆ."

ಗಂಡ ನಲ್ಲಪ್ಪ, ಮಾಕಳಿ ಊರಿನ ಪಕ್ಕದ ಕೆರೆಯಲ್ಲಿ ನಿಂತು ಊರವರ ಬಟ್ಟೆ ಒಗೆಯುವವನು. ಜೋರು ಮಳೆ ಬಂದರೆ ಕಾರ್ಖಾನೆಗಳ ಹೊಲಸೆಲ್ಲ ಕೊಚ್ಚಿಕೊಂಡು ಆ ಕೆರೆಗೇ ಬರೋದು. ಆಗ ಪಂಚಾಯಿತಿಯವರು ನೀರಿಗೆ ಇಳಿಯಬೇಡಿ ಎಂಬ ಕೆಂಪು ಬೋರ್ಡ್ ನೆಡುತ್ತಿದ್ದರು. ನೀರು ಸರಿಹೋದ ಮೇಲೆ ಅವರೇ ಕೀಳುತ್ತಿದ್ದರು. ಓದು ಬಾರದ ನಲ್ಲಪ್ಪನಿಗೂ ಅಷ್ಟು ಗೊತ್ತಿತ್ತು. ಶುಕ್ರವಾರ ಮಳೆ, ಶನಿವಾರ ಬೋರ್ಡು. ಭಾನುವಾರ ಬೋರ್ಡ್ ಕಾಣಲಿಲ್ಲ, ಪಾಪ, ಇಳಿದುಬಿಟ್ಟ. ವಿಷದ ನೀರಿಗೆ ಕಾಲು ಬೆಂದುಹೋಯಿತು.

ಎಫ್‌ಐಆರ್ ದಾಖಲಾಯಿತು. ಸಬ್ ಇನ್ಸ್‌ಪೆಕ್ಟರ್ ಕರಿಬಸಪ್ಪನವರಿಗೆ ಜೀಪಿನಲ್ಲಿ ಕೂತರೂ ಸಮಾಧಾನವಿಲ್ಲ. ಮೋಡ ಮತ್ತೆ ಕವಿಯುತ್ತಿತ್ತು. ಅಷ್ಟರಲ್ಲಿ ಇನ್ಯಾರು ಇಳಿದರೋ ಏನು ಕತೆಯೋ!

೧೦.೦೫ಕ್ಕೆ ದಡದಲ್ಲಿ ಪಂಚನಾಮೆ. ಪೇದೆ ಹನುಮಯ್ಯ ಬೋರ್ಡ್ ನೆಟ್ಟಿದ್ದ ಗುಂಡಿಗೆ ಕೈಹಾಕಿ ನೋಡಿದ.

"ಮುರಿದಿಲ್ಲ ಸಾರ್. ಹಾರೆ ಹಾಕಿ ನೀಟಾಗಿ ಎಬ್ಬಿಸವ್ರೆ."

"ನಿನ್ನೆ ಈ ಕಡೆ ಯಾರು ಬಂದಿದ್ರು?"

"ಎದುರು ಮನೆ ನಾಗಲಕ್ಷ್ಮಮ್ಮನ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬಂದಿದ್ರಂತೆ."

ಹನುಮಯ್ಯನನ್ನು ದಡದಲ್ಲೇ ಕಾವಲಿಗೆ ನಿಲ್ಲಿಸಿ, ಕರಿಬಸಪ್ಪ ಪಂಚರ ಜೊತೆ ಆ ಮನೆಗೆ ಹೋದರು. ಕೊಟ್ಟಿಗೆಯ ಹುಲ್ಲಿನಡಿ ಬೋರ್ಡ್ ಸಿಕ್ಕಿತು.

"ಯಾಕಮ್ಮಾ ಕಿತ್ತಿದ್ದು?"

"ಇದನ್ನ ನೋಡಿ ಎರಡು ಸಂಬಂಧ ತಪ್ಪೋದ್ವು ಸಾರ್. ವಿಷದ ನೀರಿನೂರಿನ ಹೆಣ್ಣು ಬೇಡ ಅಂದ್ರು. ಅವ್ರು ಹೋದ್ಮೇಲೆ ನೆಟ್ಬಿಡಾಣ ಅಂತಿದ್ದೆ. ಅಷ್ಟ್ರಲ್ಲಿ ಇಂಗಾಗೋಯ್ತು."

"ನಲ್ಲಪ್ಪ ಇಳಿದಿದ್ದು ಗೊತ್ತಿರಲಿಲ್ವಾ?"

"ನಾನೇನು ಕಂಡೆ ಸಾರ್? ಒಳಗೆ ಉಪ್ಪಿಟ್ಟು ಮಾಡ್ತಿದ್ದೆ."

ಮಗಳು ವನಜಾ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಅತ್ತು ಊದಿತ್ತು.

"ಉಪ್ಪಿಟ್ಟು ಮಾಡಿದ್ದು ನಾನು, ಅಮ್ಮ. ನೀನು ಕಿಟಕೀಲಿದ್ದೆ."

ನಾಗಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು:

"ಕೂಗಿದ್ರೆ ಗಂಡಿನ ಕಡೆಯೋರಿಗೆ ಕೇಳ್ಸೋದು."

ಮಧ್ಯಾಹ್ನ ೧೨.೪೦ಕ್ಕೆ ಮಹಿಳಾ ಪೇದೆ ಬಂದು ನಾಗಲಕ್ಷ್ಮಮ್ಮನನ್ನು ದಸ್ತಗಿರಿ ಮಾಡಿದಳು. ವರದಿಯಲ್ಲಿ ಕೃತ್ಯದ ಕಾರಣ ಬರೆಯಬೇಕಾದ ಕಡೆ ಕರಿಬಸಪ್ಪನವರ ಕೈ ತಡೆಯಿತು. ಅವರ ಮನೆಯಲ್ಲೂ ಮದುವೆಗೆ ಬಂದ ಮಗಳಿದ್ದಳು. "ಮಗಳ ಸಂಬಂಧ ತಪ್ಪೀತೆಂಬ ಭಯ" ಎಂದು ಬರೆದು, ನಲ್ಲಪ್ಪನ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೊರಟರು.