ಒಬ್ಬರಿಗೇ ಬರೆಯಬಹುದಾದ ಪತ್ರ

"ಬರೆದದ್ದು ಸಾಕು, ಇತ್ತ ಕೈ ಕೊಡ್ರೀ!"

ಐಲಿ ಬೆಚ್ಚಿ ತಲೆಯೆತ್ತಿದಳು. ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತ ಆಂಬ್ಯುಲೆನ್ಸಿನ ಹಿಂಬಾಗಿಲು ಹಾರುಹೊಡೆದಿತ್ತು. ಒಳಗೆ ಸ್ಟ್ರೆಚರಿನ ಮೇಲೆ ತುಂಬು ಬಸುರಿಯೊಬ್ಬಳು ಹಲ್ಲು ಕಚ್ಚಿ ನರಳುತ್ತಿದ್ದಳು. ಅವಳ ಪಕ್ಕ ಮಂಡಿಯೂರಿದ್ದ ಆಂಬ್ಯುಲೆನ್ಸ್ ನೌಕರನ ಹುಬ್ಬಿನ ಮೇಲೆ ಹಿಮ ಕಟ್ಟಿತ್ತು. ಕೂಗಿದ್ದು ಅವನೇ.

"ನಾನು... ನಾನು ರೋಗಿಗಳನ್ನ ಮುಟ್ಟೋ ಹಾಗಿಲ್ಲ. ನಾನು ಬರೆಯೋಳು ಮಾತ್ರ!"

ಸುಳ್ಳಲ್ಲ. ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವಳ ಕೆಲಸ ಅಷ್ಟೇ. ಡಾಕ್ಟರ ಬೆನ್ನ ಹಿಂದೆ ಕಂಪ್ಯೂಟರ್ ತಳ್ಳಿಕೊಂಡು ಓಡಾಡಿ, ಅವರು ಹೇಳಿದ್ದನ್ನೆಲ್ಲ ಟೈಪ್ ಮಾಡುವುದು. ಮೆಡಿಕಲ್ ಸೀಟಿಗೆ ಕಾದು ಕೂತವರು ಮಾಡುವ ಕೆಲಸ. ಮುಟ್ಟಿದರೆ ಕೆಲಸ ಹೋಗುತ್ತದೆ.

"ರೋಗೀನ ಮುಟ್ಟಬೇಡಿ. ಈ ಗ್ಲೂಕೋಸ್ ಚೀಲ ಎತ್ತಿ ಹಿಡೀರಿ. ಚೀಲ ರೋಗಿ ಅಲ್ವಲ್ಲ?"

ಅವಳು ಚೀಲ ಹಿಡಿದಳು. ತೋಳು ಮರಗಟ್ಟಿದರೂ ಇಳಿಸಲಿಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯ ಆ ಸಣ್ಣ ಊರಿನಲ್ಲಿ ಹೆರಿಗೆ ಮಾಡಿಸುವ ಡಾಕ್ಟರು ಇಲ್ಲದೆ ಎಷ್ಟೋ ವರ್ಷವಾಗಿತ್ತು. ಹೆರಿಗೆ ವಾರ್ಡಿದ್ದ ಆಸ್ಪತ್ರೆಗೆ ಅಲ್ಲಿನ ದೊಡ್ಡ ಸರೋವರದ ಅಂಚಿನಲ್ಲಿ ಬಹಳ ದೂರ ಹೋಗಬೇಕು. ಆ ಮಧ್ಯಾಹ್ನ ಹಿಮಗಾಳಿಯೆದ್ದು ರಸ್ತೆ ಮುಚ್ಚಿತ್ತು. ಆಂಬ್ಯುಲೆನ್ಸು ಅರ್ಧ ದಾರಿಯಿಂದ ಹಿಂದಕ್ಕೆ ಬಂದಿತ್ತು.

ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಅವನು ಹೊರಗೆ ಆಂಬ್ಯುಲೆನ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಐಲಿ ಎರಡು ಲೋಟ ಕಾಫಿ ತಂದಳು. ಯಾಕೆ ತಂದೆ ಅಂತ ಅವಳಿಗೂ ಗೊತ್ತಿರಲಿಲ್ಲ.

"ಕೂಗಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ," ಎಂದ. "ಜೋರಿ ಟ್ರೆವಾರೋ."

"ಐಲಿ ಕೋಸ್ಕೆಲಾ."

"ಡಾಕ್ಟರ್ ಆಗ್ಬೇಕು ಅಂತ ಕಾಯ್ತಿದ್ದೀರಂತೆ. ಯಾವ ಡಾಕ್ಟರ್?"

ಸಂದರ್ಶನಗಳಲ್ಲಿ ಇದೇ ಪ್ರಶ್ನೆಗೆ ಅವಳು ಉರು ಹೊಡೆದ ಉತ್ತರ ಒಪ್ಪಿಸುತ್ತಿದ್ದಳು. ಈಗ ಅದೊಂದೂ ಬಾಯಿಗೆ ಬರಲಿಲ್ಲ. ಒಳಗಿನ ಖಾಲಿ ಸ್ಟ್ರೆಚರ್ ನೋಡಿದಳು.

"ಇವತ್ತು ಇಲ್ಲಿ ಇರಬೇಕಾಗಿತ್ತಲ್ಲ... ಆ ಡಾಕ್ಟರ್."

ಜೋರಿ ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಅಳುವವರನ್ನು ಅವನು ದಿನಾ ನೋಡುತ್ತಿದ್ದ. ಇವಳು ಅಳುತ್ತಿರಲಿಲ್ಲ.

*

ಆಮೇಲಿನದು ನಿಧಾನವಾಗಿ ಆಯಿತು. ಅಲ್ಲಿನ ಚಳಿಗಾಲ ಉದ್ದ, ಹೋಗಲು ಜಾಗ ಕಡಿಮೆ. ಇಬ್ಬರೂ ಸಿಗುತ್ತಿದ್ದದ್ದು ಪಾಸ್ಟಿ ಅಂಗಡಿಯಲ್ಲೇ. ಮಾಂಸ, ಆಲೂಗಡ್ಡೆ ತುಂಬಿ ಮಡಿಸಿ ಬೇಯಿಸಿದ ಆ ಬಿಸಿ ಪಾಸ್ಟಿಯ ಮುಂದೆ ಕೂತರೆ ಜಗಳ ಶುರು.

"ಪಾಸ್ಟಿಗೆ ಕ್ಯಾರೆಟ್ ಹಾಕೋ ಫಿನ್‌ಗಳ ಜೊತೆ ನಮ್ಮ ಮನೆತನದಲ್ಲಿ ಯಾರೂ ಊಟಕ್ಕೆ ಕೂತಿಲ್ಲ," ಎನ್ನುತ್ತಿದ್ದ ಜೋರಿ. ಅವನ ಪೂರ್ವಿಕರು ಗಣಿಗಿಳಿಯಲು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದವರು, ಅವಳವರು ಫಿನ್ಲೆಂಡಿನಿಂದ.

"ಕೂರಬೇಡ. ನಿಂತ್ಕೊಂಡೇ ತಿನ್ನು."

ಅವಳು ನಕ್ಕರೆ ಅವನು ತಿನ್ನುವುದನ್ನು ಮರೆಯುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಆದರೆ ಪ್ರೀತಿಯ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಮುಂದೆ ಏನಾಗುತ್ತೋ ಗೊತ್ತಿಲ್ಲದವಳು ಹೇಗೆ ಹೇಳಿಯಾಳು? ಹೋಗಲೇಬೇಕಾದವಳನ್ನು ಅವನು ಹೇಗೆ ಕಟ್ಟಿಹಾಕಿಯಾನು?

ಹಿಮ ಕರಗುವ ಹೊತ್ತಿಗೆ ಉತ್ತರ ಬಂತು. ಸೀಟಿಲ್ಲ, 'ಇಲ್ಲ'ವೂ ಇಲ್ಲ. ಎರಡು ಕಾಲೇಜುಗಳ ವೇಯ್ಟಿಂಗ್ ಲಿಸ್ಟ್.

ಇದು ನಮ್ಮ ರೈಲಿನ ವೇಯ್ಟಿಂಗ್ ಲಿಸ್ಟ್ ಅಲ್ಲ. ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ಅಂತ ಹೇಳುವ ನಂಬರೇ ಇರುವುದಿಲ್ಲ. ಯಾರಾದರೂ ಸೀಟು ಬಿಟ್ಟರೆ ಕಾಲೇಜಿನವರು ತಮಗೆ ಬೇಕಾದವರನ್ನು ಕರೆಯುತ್ತಾರೆ. ಕಾಯುವವರ ಕೈಯಲ್ಲಿ ಉಳಿಯುವುದು ಒಂದೇ. ಮಾತು ಕೊಡುವ ಪತ್ರ. 'ನೀವೇ ನನ್ನ ಮೊದಲ ಆಯ್ಕೆ. ಕರೆದರೆ ಖಂಡಿತ ಬರುತ್ತೇನೆ.' ಇದನ್ನು ಒಂದೇ ಕಾಲೇಜಿಗೆ ಬರೆಯಬೇಕು. ಇಬ್ಬರಿಗೂ ಬರೆದರೆ ಅದು ಮೋಸ.

"ಅದನ್ನ ಯಾರೂ ಓದಲ್ಲ ಕಣೇ," ಎಂದಳು ತುರ್ತು ವಿಭಾಗದ ಹಿರಿಯ ನರ್ಸ್ ಬರ್ನಿಸ್. "ನನ್ನ ತಂಗಿ ಮಗ ಕಣ್ಣೀರು ಹಾಕ್ಕೊಂಡು ಬರೆದ. 'ನಿಮ್ಮ ಪತ್ರ ತಲುಪಿದೆ' ಅಂತ ಒಂದು ಸಾಲು ಬಂತು. ಈಗ ವಿಮೆ ಮಾರ್ತಿದ್ದಾನೆ, ಆರಾಮಾಗಿದ್ದಾನೆ."

ಆದರೂ ಬರೆಯುತ್ತೇನೆ ಎಂದಳು ಐಲಿ. ಆದರೆ ಯಾರಿಗೆ?

ಒಂದು ಕಾಲೇಜು ಇದೇ ಸರೋವರದ ದಂಡೆಯಲ್ಲಿತ್ತು. ವಾರಕ್ಕೊಮ್ಮೆ ಊರಿಗೆ ಬರಬಹುದು. ಇನ್ನೊಂದು, ರಾಜ್ಯದ ಉತ್ತರ ಭಾಗವನ್ನು ದಕ್ಷಿಣಕ್ಕೆ ಜೋಡಿಸುವ ಮ್ಯಾಕಿನಾ ಸೇತುವೆಯಾಚೆ, ದೂರ. ಅಲ್ಲಿ ಹಳ್ಳಿಗಾಡಿನ ಡಾಕ್ಟರುಗಳನ್ನೇ ತಯಾರು ಮಾಡುತ್ತಿದ್ದರು. ಹೆರಿಗೆ, ಸಿಸೇರಿಯನ್ ಎಲ್ಲ ಕಲಿಸಿ ಇಂಥ ಊರುಗಳಿಗೇ ವಾಪಸು ಕಳಿಸುತ್ತಿದ್ದರು.

ಅವಳು ಪಾಸ್ಟಿ ಅಂಗಡಿಯಲ್ಲಿ ಜೋರಿಯ ಮುಂದೆ ಕೂತು ಕೇಳಿದಳು. "ಯಾವ ಕಾಲೇಜಿಗೆ ಬರೀಲಿ?"

'ಇಲ್ಲೇ ಇರು ಅನ್ನು... ಒಂದ್ಸಲ ಅನ್ನು ಸಾಕು...'

"ಸೇತುವೆಯಾಚೆಯದಕ್ಕೆ," ಎಂದ ಜೋರಿ. ಉಸಿರು ಎಳೆದುಕೊಳ್ಳುವಷ್ಟೂ ಯೋಚಿಸಲಿಲ್ಲ.

ಅವಳು ಪಾಸ್ಟಿಯ ತಟ್ಟೆಯನ್ನು ದೂರ ಸರಿಸಿದಳು.

"ಅಷ್ಟು ದೂರ. ನೀನು ಸೇತುವೆ ದಾಟಿ ಬರೋನಲ್ಲ, ಅಲ್ವಾ?" ತಮಾಷೆಯಂತೆ ಕೇಳಿದಳು. ತಮಾಷೆಯಾಗಿರಲಿಲ್ಲ.

"ಬದುಕಿರೋ ತನಕ ಇಲ್ಲ!" ಎಂದು ಜೋರಿ ನಕ್ಕ. "ಸೇತುವೆ ಕೆಳಗಿರೋದು ಭೂತಗಳು."

ದಕ್ಷಿಣದವರನ್ನು ಕಥೆಗಳಲ್ಲಿ ಸೇತುವೆ ಕೆಳಗೆ ಅಡಗಿರುವ ಭೂತಗಳೆಂದು ಗೇಲಿ ಮಾಡುತ್ತ, ಜನ್ಮದಲ್ಲಿ ಆಚೆ ಹೋಗೆವು ಎಂದು ಆ ಊರಿನಲ್ಲಿ ಹುಟ್ಟಿದವರೆಲ್ಲ ಆಡುವ ಮಾತು ಅದು. ಅಂಗಡಿಯ ಗೋಡೆಯ ಮೇಲೂ ಬರೆದು ತೂಗುಹಾಕಿದ್ದರು. ಅವಳೂ ನೂರು ಸಲ ಆಡಿದ್ದಳು. ಆದರೆ ಅವತ್ತು, ಅವನ ಬಾಯಿಂದ, ಅದು ಬೇರೆಯೇ ಕೇಳಿಸಿತು.

"ಸರಿ," ಎಂದಳು.

ಮನೆಗೆ ಹೋಗಿ ಕೋಪದಲ್ಲೇ ಬರೆದಳು. ಆ ಮಧ್ಯಾಹ್ನದ ಬಗ್ಗೆ, ಎತ್ತಿ ಹಿಡಿದ ಚೀಲದ ಬಗ್ಗೆ, ಅಳದ ಮಗುವಿನ ಬಗ್ಗೆ. ಕೊನೆಯಲ್ಲಿ, 'ಕರೆದರೆ ಖಂಡಿತ ಬರುತ್ತೇನೆ.' ಕಳಿಸಿಬಿಟ್ಟಳು.

'ಹೋಗ್ಲಿ ಅಂತಾನೇ ತಾನೆ ಅವನಿಗಿರೋದು? ಹೋಗ್ತೀನಿ!'

*

ಸೇತುವೆಯಾಚೆಯಿಂದ ಬಂದದ್ದು ಬರ್ನಿಸ್ ಹೇಳಿದ ಅದೇ ಒಂದು ಸಾಲು. ನಿಮ್ಮ ಪತ್ರ ತಲುಪಿದೆ.

ಮೇ ತಿಂಗಳಲ್ಲಿ ಫೋನ್ ಮಾಡಿದ್ದು ಸರೋವರದ ಕಾಲೇಜು. ಅವರಿಗೆ ಅವಳು ಒಂದಕ್ಷರವನ್ನೂ ಬರೆದಿರಲಿಲ್ಲ. ಸೀಟು ಕೊಟ್ಟರು! ಐಲಿ ಹೂಂ ಎಂದಳು. ಮೂರು ಸಲ ಅರ್ಜಿ ಹಾಕಿ ಸೋತವಳು ಇನ್ನೇನು ಅಂದಾಳು?

ಬರ್ನಿಸ್ ಕೇಕ್ ತಂದಳು. "ನೋಡಿದ್ಯಾ? ಬರೆದೋರು ಕರೀಲಿಲ್ಲ, ಬರೀದೇ ಇದ್ದೋರು ಕರೆದ್ರು. ಕಾಗದಕ್ಕೆ ಅಷ್ಟೇ ಬೆಲೆ!"

ಜೋರಿ ಕೇಕಿನ ತುಂಡು ಹಿಡಿದು ಮೂಲೆಯಲ್ಲಿ ನಿಂತಿದ್ದ. ಎಲ್ಲ ಹೋದ ಮೇಲೆ ಹತ್ತಿರ ಬಂದ.

"ಆಚೆಯವರು ಆಮೇಲೆ ಕರೆದ್ರೆ?"

"ಕರೆಯಲ್ಲ."

"ಕರೆದ್ರೆ?"

ಅವಳಿಗೆ ರೇಗಿತು. ಇಲ್ಲೇ ಹತ್ತಿರದಲ್ಲೇ ಉಳಿಯುತ್ತಿದ್ದೇನೆ, ಒಂದು ಮಾತು ಖುಷಿಯಿಂದ ಆಡಬಾರದೆ ಇವನು?

"ಅದು ಸುಮ್ನೆ ಬರೆದದ್ದು. ಆ ಕಾಗದ ಹಿಡ್ಕೊಂಡು ಯಾರೂ ಕೋರ್ಟಿಗೆ ಹೋಗಲ್ಲ."

"ಸುಮ್ನೆ?" ಜೋರಿಯ ಮುಖ ಕಪ್ಪಿಟ್ಟಿತು. "ಆ ಮಗು ವಿಷಯಾನೂ ಸುಮ್ನೆ ಬರೆದದ್ದಾ? ಮಾತು ಕೊಟ್ಟು ಕೈ ಕೊಡೋದು ಅಂದ್ರೆ ಇದೇ, ಐಲಿ. ನಾಳೆ ನನಗೂ ಹೀಗೇ ಅಂತೀಯಾ?"

"ನಿನಗೆ ಯಾವ ಮಾತು ಕೊಟ್ಟಿದ್ದೀನಿ ನಾನು? ನೀನಾದ್ರೂ ಏನು ಕೊಟ್ಟಿದ್ದೀಯ? ಹೋಗು ಅಂದೋನು ನೀನು!"

"ಹೋಗು ಅನ್ಲಿಲ್ಲ. ಬರಿ ಅಂದೆ."

"ಎರಡೂ ಒಂದೇ!"

ಕೇಕಿನ ತುಂಡನ್ನು ಮುಟ್ಟದೆ ಮೇಜಿನ ಮೇಲಿಟ್ಟು ಜೋರಿ ಹೊರಟುಹೋದ. ಅಂದಿನಿಂದ ರೋಗಿಯ ಹೆಸರು, ವಯಸ್ಸು, ನಾಡಿ ಬಡಿತ, ಇಷ್ಟೇ ಅವರಿಬ್ಬರ ನಡುವೆ ಮಾತು. ಅವನು ಹೇಳುತ್ತಿದ್ದ, ಅವಳು ಟೈಪ್ ಮಾಡುತ್ತಿದ್ದಳು.

*

ಜುಲೈನ ಒಂದು ಬೆಳಗ್ಗೆ ಐಲಿ ಅಮ್ಮನ ಹಿತ್ತಲಲ್ಲಿ ಕಾಡುಹಣ್ಣು ಬಿಡಿಸುತ್ತಿದ್ದಾಗ ಫೋನ್ ಬಂತು. ಸೇತುವೆಯಾಚೆಯ ಕಾಲೇಜು. ಡೆಲೋರಿಸ್ ಅನ್ನುವ ವಯಸ್ಸಾದ ದನಿ.

"ಮಿಸ್ ಕೋಸ್ಕೆಲಾ, ಒಬ್ಬ ಹುಡುಗ ಈಗ ತಾನೇ ಸೀಟು ಬಿಟ್ಟ. ನಿಮ್ಮ ಪತ್ರ ನನ್ನ ಮುಂದಿದೆ. ಖಂಡಿತ ಬರ್ತೀನಿ ಅಂತ ಬರೆದಿದ್ದೀರಿ. ಅದು ಈಗಲೂ ನಿಜವಾ?"

ಹಣ್ಣಿನ ರಸಕ್ಕೆ ಐಲಿಯ ಬೆರಳುಗಳೆಲ್ಲ ಕೆಂಪಾಗಿದ್ದವು.

"ಒಂದು ಕೇಳ್ಲಾ?" ಎಂದಳು. "ಪತ್ರದಿಂದ ಕರೆದ್ರಾ? ಅದರಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ?"

ಆ ಕಡೆ ಕುರ್ಚಿ ಕಿರುಗುಟ್ಟಿತು. "ನಿಜ ಹೇಳ್ಲಾ? ವಸಂತದಲ್ಲಿ ಯಾರೂ ಓದ್ಲಿಲ್ಲ. ರಾಶಿ ಬರುತ್ತೆ, ಎಲ್ಲ ಒಂದೇ ಥರ. ಪತ್ರ ನೋಡಿ ದಡ್ಡರನ್ನ ಯಾರೂ ತಗೊಳ್ಳಲ್ಲ. ಆದ್ರೆ ಇವತ್ತು ಕಾಲೇಜು ಶುರುವಾಗೋಕೆ ಹೆಚ್ಚು ದಿನ ಇಲ್ಲ. ಸರಿಸಮ ಇರೋರು ಐದಾರು ಜನ. ಕರೆದ್ರೆ ಹೂಂ ಅನ್ನೋರು ಯಾರು ಅಂತ ಹುಡುಕಿದ್ವಿ. ಆಗ ಓದಿದ್ವಿ. ನಿಮ್ಮದನ್ನ ಎರಡು ಸಲ ಓದಿದೆ, ಮಗಳೇ."

"...ಸಂಜೆವರೆಗೂ ಟೈಮ್ ಕೊಡ್ತೀರಾ?"

"ಸಂಜೆವರೆಗೆ."

ಫೋನಿಟ್ಟು ಅವಳು ಹುಲ್ಲಿನ ಮೇಲೇ ಕೂತಳು. ಕೈಯಲ್ಲಿ ಒಂದು ಸೀಟಿದೆ, ಹತ್ತಿರದ್ದು. ಇಲ್ಲ ಅಂದರೆ ಯಾರೂ ಕೇಳುವುದಿಲ್ಲ. ಕೋಪದಲ್ಲಿ ಬರೆದ ಪತ್ರ. ಆದರೆ ಆ ಪತ್ರದಲ್ಲಿ ಸುಳ್ಳು ಯಾವುದು? ಒಂದೊಂದೇ ಸಾಲು ನೆನೆದಳು. ಚೀಲ ನಿಜ. ಮಗು ನಿಜ. ಅಲ್ಲಿ ಕಲಿತು ಇಲ್ಲಿಗೆ ಬರುತ್ತೇನೆ ಅಂದದ್ದು... ಅದೂ ನಿಜವೇ!

ಸುಳ್ಳು ಹೇಳಿದ್ದು ಒಂದೇ ಸಲ. ಜೋರಿಗೆ, 'ಸುಮ್ನೆ ಬರೆದದ್ದು' ಅಂತ.

*

ಜೋರಿ ಶೆಡ್ಡಿನ ಮುಂದೆ ಆಂಬ್ಯುಲೆನ್ಸ್ ತೊಳೆಯುತ್ತಿದ್ದ. ಅವಳನ್ನು ನೋಡಿ ನಲ್ಲಿ ನಿಲ್ಲಿಸಿದ.

"ಕರೆದ್ರು," ಎಂದಳು.

"ಏನಂದೆ?"

"ಇನ್ನೂ ಏನೂ ಅಂದಿಲ್ಲ. ನಿನ್ನ ಕೇಳೋಕೆ ಬಂದಿಲ್ಲ, ಹೇಳೋಕೆ ಬಂದೆ. ನಾನು ಹೋಗ್ತೀನಿ, ಜೋರಿ. ಸರೋವರದ ಸೀಟು ಬಿಡ್ತೀನಿ. ಅಲ್ಲಿನ ಲಿಸ್ಟಲ್ಲೂ ಯಾರೋ ಫೋನ್ ನೋಡ್ತಾ ಕೂತಿರ್ತಾರೆ."

ಅವನು ತಲೆಯಾಡಿಸಿದ. "ಒಳ್ಳೇದು."

"ಒಳ್ಳೇದಾ? ಅಷ್ಟೇನಾ?" ಅವಳ ದನಿ ಒಡೆಯಿತು. "ಅವತ್ತು ನೀನು 'ಇಲ್ಲೇ ಇರು' ಅಂತೀಯ ಅಂತ ಕಾದೆ ನಾನು. ಒಂದೇ ಒಂದು ಸಲ..."

"ಅಂದಿದ್ರೆ ನೀನು ಇರ್ತಿದ್ದೆ."

"ಹೂಂ! ಇರ್ತಿದ್ದೆ!"

"ಅದಕ್ಕೇ ಅನ್ಲಿಲ್ಲ." ಜೋರಿ ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ. "ಚಳಿಗಾಲದಲ್ಲಿ ಈ ಗಾಡೀಲಿ ಇನ್ನೊಬ್ಬ ಹೆಂಗಸು ಮಲಗ್ತಾಳೆ, ಐಲಿ. ಅವಳ ಮುಖ ನೋಡಿ 'ಡಾಕ್ಟರನ್ನ ನಾನೇ ಮನೇಲಿಟ್ಕೊಂಡೆ' ಅನ್ಲಾ? ನಂಗೆ ಆಗ್ತಿರ್ಲಿಲ್ಲ. ನೀನು ಹೋಗೋದು ನಂಗೆ ಬೇಕಾಗಿರ್ಲಿಲ್ಲ. ನೀನು ಹೋಗ್ಬೇಕಾಗಿತ್ತು, ಅಷ್ಟೇ."

ಆಂಬ್ಯುಲೆನ್ಸಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮತ್ತೆ ನೀನು? ಸೇತುವೆ ದಾಟಲ್ಲ."

"ಯಾರು ಹೇಳಿದ್ದು?"

"ನೀನೇ! ಬದುಕಿರೋ ತನಕ ಇಲ್ಲ ಅಂದೆ!"

ಜೋರಿ ಕಕ್ಕಾಬಿಕ್ಕಿಯಾಗಿ ನೋಡಿದ. "ಅದು... ಅದು ಇಲ್ಲಿಯವರೆಲ್ಲ ಹೇಳೋ ಮಾತಲ್ವಾ? ನಿಮ್ಮಜ್ಜಿಯೂ ಹೇಳ್ತಾರೆ. ವರ್ಷಾ ವರ್ಷಾ ಸೇತುವೆ ದಾಟಿ ತಂಗಿ ಮನೆಗೆ ಹೋಗ್ತಾರೆ! ಅದನ್ನ ನಂಬಿದ್ಯಾ ನೀನು?"

"ನಂಬಿದೆ." ಅವಳ ಕಣ್ಣಿಂದ ನೀರು ಇಳಿಯಿತು. ಆ ಚಳಿಗಾಲದ ಮಧ್ಯಾಹ್ನ ಅಳದವಳು ಈಗ ಅತ್ತಳು. "ಎಲ್ಲ ಬಿಟ್ಟು ಅದೊಂದನ್ನ ನಂಬಿದೆ."

ಅವಳು ಅಲ್ಲೇ ನಿಂತು ಫೋನ್ ಮಾಡಿದಳು. ಡೆಲೋರಿಸ್ ಎತ್ತಿದರು.

"ಐಲಿ ಕೋಸ್ಕೆಲಾ. ಪತ್ರದಲ್ಲಿ ಬರೆದದ್ದು ಈಗಲೂ ನಿಜ. ಬರ್ತೀನಿ."

ಅವಳು ಫೋನಿಟ್ಟಳು. ಜೋರಿ ಒಂದು ಹೆಜ್ಜೆ ಮುಂದೆ ಬಂದ. ಇಷ್ಟು ದಿನ ನುಂಗಿಕೊಂಡದ್ದು ಒಂದೇ ಸಲಕ್ಕೆ ಬಾಯಿಗೆ ಬಂತು.

"ನಿನ್ನ ವೇಯ್ಟಿಂಗ್ ಲಿಸ್ಟಲ್ಲಿ ನಾನಿದ್ದೀನಾ?"

"...ಇದ್ದೀಯ."

"ಹಾಗಾದ್ರೆ ಕೇಳು. ನೀನೇ ನನ್ನ ಮೊದಲ ಆಯ್ಕೆ. ಕರೆದ್ರೆ ಖಂಡಿತ ಬರ್ತೀನಿ. ಆಂಬ್ಯುಲೆನ್ಸು ಅಲ್ಲೂ ಓಡ್ತವೆ. ನಿನ್ನ ಓದು ಮುಗಿದ್ಮೇಲೆ ಇಬ್ರೂ ವಾಪಸು ಬರೋಣ. ಇದನ್ನ ಬೇರೆ ಯಾರಿಗೂ ಹೇಳಿಲ್ಲ."

"ಬರೆದು ಕೊಡು."

"ಬರೆಯೋದು ನಿನ್ನ ಕೆಲಸ. ನಂಗೆ ಗೊತ್ತಿರೋದು ಕೈ ಕೊಡೋದು."

"ಏನಂದೆ? ಕೈ ಕೊಡೋದಾ?"

"ಥೂ... ಹಿಡಿಯೋದು! ಕೈ ಹಿಡಿಯೋದು!"

ಅವಳು ಹಣ್ಣಿನ ಕೆಂಪು ಹತ್ತಿದ ಕೈಯನ್ನು ಮುಂದೆ ಚಾಚಿದಳು.

"ಹಿಡಿ ಮತ್ತೆ. ಕರೀತಿದ್ದೀನಿ."