ಹಾರ್ವೆಸ್ಟ್ ಎಂಬ ಒಂದೇ ಕಾಲಂ

ಎಪ್ಪತ್ತೆಂಟರ ಸುಗ್ಗಿಯಲ್ಲಿ ವೀರಭದ್ರಯ್ಯ ನಮ್ಮ ಸಿ.ಎಸ್. ಪುರಕ್ಕೆ ಬಂದರು, ಕೃಷಿ ಇಲಾಖೆಯ ಇಂಗ್ಲಿಷ್ ಫಾರಂ ಹಿಡಿದುಕೊಂಡು. ತುಮಕೂರು ಮರಳೂರಿನ ಹುಡುಗ. ನೋಡಲು ಲಕ್ಷಣ, ಬೇಸಾಯ ಮಾತ್ರ ಪುಸ್ತಕದ್ದು. ಫಾರಂನಲ್ಲಿ ಎಲ್ಲ ಬೆಳೆಗೂ ‘ಹಾರ್ವೆಸ್ಟ್’ ಅಂತ ಒಂದೇ ಕಾಲಂ. ಕಡಲೆಕಾಯಿ ಯಾವಾಗ ಕೊಯ್ದಿರಿ ಎಂದು ಅಪ್ಪನನ್ನು ಕೇಳಿದರು. ಬಾಗಿಲಲ್ಲಿದ್ದ ನನಗೆ ನಗು ತಡೆಯಲಾಗಲಿಲ್ಲ, ನಾನೇ ಹೇಳಿದೆ:

“ರಾಗಿ ಕೊಯ್ತೀವಿ ಸಾರ್. ಕಡ್ಲೇಕಾಯಿ ಕೀಳ್ತೀವಿ, ಅವರೇಕಾಯಿ ಬಿಡಿಸ್ತೀವಿ, ಹುಣಸೆ ಬಡೀತೀವಿ.”

ಬೇಸರಪಡದೆ ಎಲ್ಲವನ್ನೂ ಫಾರಂನ ಅಂಚಿನಲ್ಲಿ ಬರೆದುಕೊಂಡರು. ನಡುವೆ ಒಮ್ಮೆ ಕಣ್ಣೆತ್ತಿ, ನಾನು ನೋಡುತ್ತಿರುವುದು ಕಂಡು, ಮತ್ತೆ ತಲೆ ತಗ್ಗಿಸಿದರು. ಕಿವಿ ಕೆಂಪಗಾಗಿತ್ತು.

ವರ್ಷವೆಲ್ಲ ಒಂದೊಂದು ಬೆಳೆಯ ನೆಪದಲ್ಲಿ ಬಂದರು. ಕೇಳಲು ಏನೂ ಉಳಿಯದ ದಿನ ನೀರು ಕೇಳಿ ಕುಡಿದು ಹೋದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಅದರಲ್ಲಿ ಮುಚ್ಚಿಡುವುದೇನಿದೆ?

ಮುಂದಿನ ಸುಗ್ಗಿಗೆ ಕುಣಿಗಲ್‌ನಿಂದ ನನಗೊಂದು ಸಂಬಂಧ ಬಂತು. ಅದೇ ಹೊತ್ತಿಗೆ ವೀರಭದ್ರಯ್ಯನವರಿಗೆ ತುಮಕೂರಿಗೆ ವರ್ಗವಾಯಿತು. ನನ್ನನ್ನು ಕೊಡಿ ಎಂದು ಅಪ್ಪನನ್ನು ಕೇಳಿ ಎಂದು ಅವರಿಗೆ ಹೇಳಿದೆ. ಮನೆಯವರು ಮಾತು ಮುಗಿಸಿದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದರು. ಒಳ್ಳೆಯತನವೂ ಕೆಲವು ಸಲ ಹೇಡಿತನವೇ.

ಅಂದು ಕಣದಲ್ಲಿ ರಾಗಿ ರಾಶಿ ಅಳೆಯುತ್ತಿದ್ದರು. ಅಳೆಯುವವರ ಎಣಿಕೆ ಬಿಟ್ಟು ಬೇರೆ ಮಾತು ಬಿದ್ದರೆ ರಾಶಿಯ ಹುಲುಸು ಹೋಗುತ್ತದೆಂಬ ನಂಬಿಕೆ ನಮ್ಮದು. ಮಕ್ಕಳು ಕೂಡ ಉಸಿರೆತ್ತುವುದಿಲ್ಲ. ಕುಣಿಗಲ್‌ಗೆ ಒಪ್ಪಿಗೆ ತಿಳಿಸಲು ದೊಡ್ಡಪ್ಪ ಕೈಚೀಲ ಹಿಡಿದು ಬಸ್ಸಿಗೆ ಹೊರಟು ನಿಂತಿದ್ದರು. ಆಗಲೇ ವೀರಭದ್ರಯ್ಯ ಹೇಳಿಹೋಗಲು ಬಂದರು. ಅಪ್ಪ ಕೈಸನ್ನೆಯಲ್ಲಿ ಅವರನ್ನು ಕಣದ ಅಂಚಿನಲ್ಲೇ ನಿಲ್ಲಿಸಿದರು. ಅವರು ಬಿಸಿಲಲ್ಲಿ ನಿಂತು ನನ್ನನ್ನೇ ನೋಡಿದರು, ಆಮೇಲೆ ಕೈಮುಗಿದು ತಿರುಗಿದರು. ದೊಡ್ಡಪ್ಪನೂ ಹೆಜ್ಜೆ ಎತ್ತಿದರು.

ಅಳತೆ ಮುಗಿಯುವವರೆಗೆ ಸುಮ್ಮನಿದ್ದರೆ ನನ್ನ ಬದುಕೇ ಮುಗಿಯುತ್ತಿತ್ತು.

“ಅಪ್ಪಾ, ಕುಣಿಗಲ್‌ಗೆ ಹೇಳಿ ಕಳಿಸ್ಬೇಡಿ. ನಾನು ಇವರನ್ನೇ ಮದ್ವೆ ಆಗೋದು.”

ಕೊಳಗ ಹಿಡಿದ ಅಪ್ಪನ ಕೈ ನಿಂತಿತು. ಅಮ್ಮ ಸೆರಗು ಕಚ್ಚಿದಳು. ಅಪ್ಪ ನನ್ನನ್ನು ನೋಡಿದರು, ಅವರನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ತುಂಬಿದ್ದ ಎಂಟು ಚೀಲವನ್ನೂ ಒಂದೊಂದಾಗಿ ಮತ್ತೆ ರಾಶಿಗೆ ಸುರಿದರು. ದೊಡ್ಡಪ್ಪನಿಗೆ ಕೈಚೀಲ ಕೆಳಗಿಡಲು ಹೇಳಿದರು.

“ಚಪ್ಪಲಿ ಬಿಟ್ಟು ಬನ್ನಿ ಸಾರ್. ಮೊದಲಿಂದ ಅಳೀಬೇಕು, ಈ ಚೀಲದ ಬಾಯಿ ಹಿಡ್ಕೊಳಿ.”

ರಾಶಿಯ ಚೀಲ ನಮ್ಮಲ್ಲಿ ಮನೆಯವರಷ್ಟೇ ಹಿಡಿಯುವುದು. ಅದು ಅವರಿಗೆ ತಿಳಿಯದು, ಸುಮ್ಮನೆ ಬಂದು ಹಿಡಿದರು. ತಿಳಿದಿದ್ದ ನಾನು ಮಾತ್ರ ಎಲ್ಲರೆದುರು ನಿಂತು ಅತ್ತೆ.