ಒಂದು ಚಿಟಿಕೆ ಜೋಳದ ಹಿಟ್ಟು

"ಹಿಂದ ಸರೀರಿ!"

ಚೆನ್ನಬಸಮ್ಮ ಬೆಚ್ಚಿ ಗೋಡೆಗೆ ಒತ್ತಿ ನಿಂತಳು. ಇಂಜಿನ್ನಿನ ತಲೆ ಕಾಯಿಸಲು ಇಟ್ಟ ಸೀಮೆಎಣ್ಣೆ ದೀಪದ ಉರಿ ಭುಸ್ಸೆಂದು ಚಿಮ್ಮಿ ಮತ್ತೆ ಒಳಗೆ ಸರಿಯಿತು.

ಕಂಪ್ಲಿಯ ಅಂದಾನಪ್ಪ ಸಾಹುಕಾರರ ಅಕ್ಕಿ ಗಿರಣಿಗೆ ಮದರಾಸಿನ ಇಂಜಿನ್ ಬಂದು ವರ್ಷಗಳೇ ಆಗಿದ್ದವು. ಅದನ್ನು ನಡೆಸಲು ಚಿತ್ತವಾಡ್ಗಿಯಿಂದ ಗಾದಿಲಿಂಗಪ್ಪ ಬಂದದ್ದು ಅಂದೇ. ಅಪ್ಪನಿಗೆ ಮಜ್ಜಿಗೆ ತಂದ ಸಾಹುಕಾರರ ಮಗಳಿಗೆ ಅವನಿಂದ ಸಿಕ್ಕ ಮೊದಲ ಮಾತು ಈ ಗದರಿಕೆ!

"ಬೈದೆ ಅನಕೋಬ್ಯಾಡ್ರಿ," ಅವನ ದನಿ ಮೆತ್ತಗಾಯಿತು. "ಇಂಜಿನ್ ತಲಿ ಕಾದ್ರನ ಇದು ತಿರಗೋದು. ಆದ್ರ ಈ ಉರಿ ಒಂದ್ಸಲ ಹಳದಿ, ಒಂದ್ಸಲ ನೀಲಿ… ನಂಬಾಕ ಆಗಂಗಿಲ್ಲ. ಒಂದು ಚಿಟಿಕಿ ಜ್ವಾಳದ ಹಿಟ್ಟು ಸಿಗತೈತೇನ್ರಿ?"

ಹಿಟ್ಟು? ಇಂಜಿನ್ನಿಗೆ?!

ಮನೆ ಗಿರಣಿಯ ಹಿಂದೆಯೇ ಇತ್ತು. ತಂದುಕೊಟ್ಟಳು. ಕಾದ ಕಬ್ಬಿಣದ ಮೇಲೆ ಮೊದಲ ಚಿಟಿಕೆ ಮೆಲ್ಲಗೆ ಕಂದುಬಣ್ಣಕ್ಕೆ ತಿರುಗಿತು. ಕಾವು ಸಾಲದು. ಸ್ವಲ್ಪ ಹೊತ್ತಿನ ಮೇಲೆ ಹಾಕಿದ್ದು ಬಿದ್ದ ಕೂಡಲೇ ಹೊತ್ತಿಕೊಂಡಿತು. ಅವನು ಚಕ್ರ ತಿರುಗಿಸಿದ. ಇಂಜಿನ್ ಗುಡುಗಿತು. ಅವಳ ಎದೆಯೂ!

ಅಂದಿನಿಂದ ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಬಟ್ಟಲು ಹಿಡಿದು ಬರುತ್ತಿದ್ದ. ಅವಳು ಬಂದರೆ ನೆಲ ನೋಡುತ್ತಿದ್ದ, ಹಿಟ್ಟು ಕೊಟ್ಟರೆ ಹೋಗುವುದನ್ನೇ ಮರೆಯುತ್ತಿದ್ದ.

'ಇವನಿಗೆ ಬೇಕಾದದ್ದು ಹಿಟ್ಟೋ, ನಾನೋ?' ಒಂದೂ ತಿಳಿಯದೆ ಅವಳು ದಿನವೆಲ್ಲ ಒದ್ದಾಡುತ್ತಿದ್ದಳು.

ಅಷ್ಟರಲ್ಲಿ ಸಂಡೂರಿನಿಂದ ಅವಳಿಗೊಂದು ಸಂಬಂಧ ಬಂತು. ಶುಕ್ರವಾರ ಅಪ್ಪ ಉತ್ತರ ಹೇಳಬೇಕಿತ್ತು. ಗುರುವಾರ ಗಿರಣಿಯ ಕಿಟಕಿಯ ಬಳಿ ಹೋಗುವಾಗ ಅಪ್ಪನೂ ಅವನೂ ಆಡುತ್ತಿದ್ದ ಮಾತು ಕಿವಿಗೆ ಬಿತ್ತು.

"ಸಂಡೂರಿನವರು ಕೇಳ್ಯಾರ. ಏನಂತಿ ಗಾದಿಲಿಂಗ?"

"ಕೊಟ್ಟುಬಿಡ್ರಿ ಸಾವ್ಕಾರ್ರ! ನೋಡಾಕ ಕೆಂಪಗೈತಿ, ಒಳಗ ಕಾವಿಲ್ಲ. ನಂಬಿದ್ರ ತಿರುಗಿ ಒದಿತೈತಿ."

ಮನೆಯ ಹುಡುಗಿಯರನ್ನೂ 'ಐತಿ' ಎನ್ನುವ ಊರು. ಕೇರಿಗೆಲ್ಲ ಕೆಂಪಗಿನ ಹುಡುಗಿ ಅವಳೇ. ಇನ್ನಾರ ಮಾತು ಇದು? ಸೆರಗು ಬಾಯಿಗೊತ್ತಿಕೊಂಡು ಮನೆಗೆ ಓಡಿದಳು.

ಮರುದಿನ ಬಟ್ಟಲು ಬಂದಾಗ ಅವಳು ಕಣ್ಣೀರಿನಲ್ಲೇ ಸಿಡಿದಳು. "ಹಿಟ್ಟಿಲ್ಲ! ಸಂಡೂರಿನವರನ್ನ ಕೇಳ್ರಿ!"

"ಅವರ್ಯಾಕ ಕೊಡ್ತಾರ್ರಿ? ಅಲ್ಲಿ ಗಿರಣಿಯವರು ನಮ್ಮ ಈ ಹಳೇ ಇಂಜಿನ್ ಕೇಳ್ಯಾರ…"

"ಇಂಜಿನ್?!"

"ಹೂಂ ರೀ. ಅದರ ತಲಿ ಸವದೈತಿ, ಕೊಟ್ಟುಬಿಡ್ರಿ, ಹೊಸಾದು ತರೋಣು ಅಂದೆ. ನೀವ್ಯಾಕ ಅಳಾಕತ್ತೀರಿ?"

ಅಯ್ಯೋ… ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. ಆಗ ಅವನ ಹೆಗಲ ಮೇಲೆ ಅಂಟಿದ್ದ ತೌಡು ಕಣ್ಣಿಗೆ ಬಿತ್ತು. ಗಿರಣಿಯಲ್ಲಿ ರಾಶಿ ರಾಶಿ ಬಿದ್ದಿರುವ ತೌಡು!

"ತೌಡು ಹಾಕಿದ್ರ ಹೊತ್ತಂಗಿಲ್ಲೇನು?"

ಅವನ ಕಿವಿ ಕೆಂಪಾದವು. "ಹೊತ್ತತೈತ್ರಿ…"

"ಮತ್ತ ನಮ್ಮನಿ ಹಿಟ್ಟು ಯಾಕ?"

"ತೌಡು ಕೊಡಾಕ ನೀವು ಬರಂಗಿಲ್ಲಲ್ರಿ."

ಅವಳು ಒಳಗೆ ಹೋಗಿ ಬಟ್ಟಲು ತುಂಬ ಹಿಟ್ಟು ತಂದು ಅವನ ಕೈಗಿತ್ತಳು.

"ಇಂಜಿನ್ ಆಮ್ಯಾಲ ಆಗ್ಲಿ. ಮೊದಲು ಅಪ್ಪನ ಹತ್ರ ಹೋಗಿ ನನ್ನ ಕೇಳ್ರಿ. ಇವತ್ತ ಶುಕ್ರವಾರ!"

"ಸಾವ್ಕಾರ್ರ ತಲಿ ಕಾದಿದ್ರ?"

"ಒಂದು ಚಿಟಿಕಿ ಹಾಕಿ ನೋಡ್ರಿ!"

ಅವನು ಮೊದಲ ಸಲ ನೆಲ ಬಿಟ್ಟು ಅವಳ ಮುಖ ನೋಡಿದ.

"ಅಲ್ಲಿತನ ಕಾಯ್ತೀರೇನ್ರಿ?"

"ನೀವು ಬಂದ ದಿನದಿಂದ ಕಾಯಾಕ ಹತ್ತೀನಿ. ಹೋಗ್ರಿ ಜಲ್ದಿ!"